ಭಾವನ ಅಳತೆಯ ಪಂಜರ

ಇಂಥ ಅನುಭವಗಳನ್ನು ಬೇರೆಯವರು ಹೇಳುವಾಗ ನಾನು ನಗದೆ ಕೇಳುತ್ತಿದ್ದೆ, ಅಷ್ಟೇ. ಮನೆಗೆ ಬಂದ ಮೇಲೆ ಆ ಕಥೆಯಲ್ಲಿ ಎಲ್ಲಿ ಸಡಿಲವಿದೆ ಎಂದು ಹುಡುಕುವುದು ನನಗೊಂದು ಆಟವಾಗಿತ್ತು. ಭೌತಶಾಸ್ತ್ರ ಓದಿದ್ದೆ. ಕಾಲೇಜೊಂದರಲ್ಲಿ ಹುಡುಗರಿಗೆ ಪ್ರಯೋಗ ಮಾಡಿಸುವ ಕೆಲಸವೂ ಸಿಕ್ಕಿತ್ತು. ಕತ್ತಲು, ಹೆದರಿಕೆ, ಅರೆನಿದ್ದೆ, ಇವುಗಳಲ್ಲಿ ಒಂದಾದರೂ ಪ್ರತಿಯೊಂದು ದೆವ್ವದ ಕಥೆಯಲ್ಲಿ ಸಿಕ್ಕೇ ಸಿಗುತ್ತಿತ್ತು; ಅದು ಸಿಕ್ಕ ಕೂಡಲೇ ನನಗೆ ಸಮಾಧಾನವಾಗುತ್ತಿತ್ತು. ನನಗೇ ಒಂದು ಅನುಭವವಾದಾಗ ಇವು ಯಾವುದೂ ಜೊತೆಗಿರಲಿಲ್ಲ. ಭಾನುವಾರದ ಬೆಳಗಿನ ಬಿಸಿಲಿತ್ತು, ನನ್ನವರೇ ಆದ ಕೆಲವು ಜನರಿದ್ದರು, ಒಂದು ಬಾಗಿಸಿದ ಕಬ್ಬಿಣದ ಪೈಪು ಇತ್ತು.

ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಹೇಳಿದ ಹಾಗೆಲ್ಲ ಕಥೆ ನಯವಾಗುತ್ತದೆ, ಅಲ್ಲಲ್ಲಿ ಹೊಸ ಬಣ್ಣ ಸೇರುತ್ತದೆ. ಆಗಲೂ ದಿನಚರಿ ಬರೆಯುವ ಅಭ್ಯಾಸವಿತ್ತು. ಆ ವಾರದ ಹಾಳೆಗಳನ್ನು ತೆಗೆದು ನೋಡಿದರೆ ಮಳೆ ಬಂದದ್ದು, ಉತ್ತರಪತ್ರಿಕೆ ತಿದ್ದಿದ್ದು, ಅಕ್ಕ ಹುರುಳಿ ಸಾರು ಮಾಡಿದ್ದು ಮಾತ್ರ ಇದೆ. ಆದ್ದರಿಂದ ಇಲ್ಲಿ ನನಗೆ ಅನುಮಾನವಿರುವ ಕಡೆ ಅನುಮಾನವೆಂದೇ ಬರೆಯುತ್ತೇನೆ. ಓದುವವರು ಅದಕ್ಕೆ ತಕ್ಕಂತೆ ತೂಗಿಕೊಳ್ಳಬಹುದು.

ಐವತ್ತರ ದಶಕದ ನಡುವಿನ ಮಾತು. ರಾಜಾಜಿನಗರದಲ್ಲಿ ಆಗ ಮನೆಗಳಿಗಿಂತ ರಸ್ತೆಗಳೇ ಹೆಚ್ಚಾಗಿದ್ದವು. ಕೆಮ್ಮಣ್ಣು ಹರಡಿ, ಉರುಳೆ ಎಳೆದು, ಮುಂದೆ ಬರುವವರಿಗಾಗಿ ಅಗಲವಾಗಿ ಬಿಟ್ಟ ರಸ್ತೆಗಳು. ಎರಡು ಕಡೆಯೂ ನಂಬರು ಕೊರೆದ ಮೂಲೆಗಲ್ಲುಗಳು, ಅವುಗಳ ನಡುವೆ ಮೇಯುವ ಕುರಿಗಳು. ನಮ್ಮ ಭಾವ ಅಲ್ಲಿನ ಒಂದು ಕಾರ್ಖಾನೆಯಲ್ಲಿ ಫೋರ್‌ಮನ್. ಸರೋಜಕ್ಕನೂ ಅವರೂ ಬಾಡಿಗೆಗಿದ್ದ ಎರಡು ಕೋಣೆಯ ಮನೆಯಲ್ಲಿ, ಮದುವೆಯಾಗದ ತಮ್ಮನೆಂಬ ಹಕ್ಕಿನಿಂದ ನಾನೂ ಸೇರಿಕೊಂಡಿದ್ದೆ. ಸಂಜೆ ಜಗಲಿಯ ಮೇಲೆ ಕೂತರೆ ಹೊಸಹಳ್ಳಿಯ ರಾಗಿ ಹೊಲಗಳ ಮೇಲಿನಿಂದ ಬರುವ ಗಾಳಿಗೆ ಹಸಿ ಹುಲ್ಲಿನ ವಾಸನೆ ಇರುತ್ತಿತ್ತು. ಈಗ ಆ ಕಡೆ ನಿಂತರೆ ದಿಕ್ಕೇ ತಿಳಿಯುವುದಿಲ್ಲ.

ಭಾವ ಆರಡಿಗೂ ಮೇಲಿದ್ದರು. ನಮ್ಮ ಮನೆಯ ಪ್ರತಿಯೊಂದು ಬಾಗಿಲಲ್ಲೂ ತಲೆ ತಗ್ಗಿಸಿಯೇ ಬರುತ್ತಿದ್ದರು. ನಾನು ಕುಳ್ಳ. ನಾವಿಬ್ಬರೂ ಒಟ್ಟಿಗೆ ಹೊರಟರೆ ಅಕ್ಕ, “ಏಣಿ ಮಣೆ ಎರಡೂ ಹೊರಟ್ವು” ಅನ್ನುತ್ತಿದ್ದಳು.

ಯುದ್ಧ ಮುಗಿದ ಮೇಲೆ ಹರಾಜಿಗೆ ಬಂದ ಮಿಲಿಟರಿ ಗಾಡಿಯೊಂದನ್ನು ಭಾವ ಯಾರಿಂದಲೋ ಅಗ್ಗಕ್ಕೆ ತಂದಿದ್ದರು. ಎಂಟು ಸಿಲಿಂಡರಿನ ಎಂಜಿನ್ ಮಾತ್ರ ಚೆನ್ನಾಗಿತ್ತು, ಮಿಕ್ಕದ್ದು ತುಕ್ಕು. ಒಂದು ಅಮೆರಿಕನ್ ಪತ್ರಿಕೆಯಲ್ಲಿ ಅವರು ಹಾಟ್ ರಾಡ್ ಎಂಬ ಗಾಡಿಗಳ ಚಿತ್ರ ನೋಡಿದ್ದರು. ಹಳೆಯ ಕಾರಿನ ಮೈಯನ್ನೆಲ್ಲ ಕಿತ್ತು, ಹಗುರ ಮಾಡಿ, ಎಂಜಿನ್ನನ್ನು ಬಯಲಿಗೆ ಬಿಟ್ಟು ಓಡಿಸುವ ಗಾಡಿ. ಊರಾಚೆಯ ಹಳೆಯ ವಿಮಾನದ ಬಯಲಿನಲ್ಲಿ ಆಗಾಗ ಕಾರು ಮೋಟಾರ್‌ಸೈಕಲ್‌ಗಳ ಪಂದ್ಯ ನಡೆಯುತ್ತಿತ್ತು. ತಾನೇ ಕಟ್ಟಿದ ಗಾಡಿಯಲ್ಲಿ ಅಲ್ಲಿ ಒಂದು ಸಲ ಓಡಬೇಕೆಂಬುದು ಭಾವನ ಆಸೆ. ಅವರು ಬೇರೆ ಏನನ್ನೂ ಅಷ್ಟು ಬಯಸಿದ್ದನ್ನು ನಾನು ಕಂಡಿಲ್ಲ.

ಅಕ್ಕನಿಗೆ ಅದೇ ಭಯ. ಹಿಂದೊಮ್ಮೆ ಕೆಂಗೇರಿ ದಾರಿಯಲ್ಲಿ ಭಾವ ಮೋಟಾರ್‌ಸೈಕಲ್ಲಿನಿಂದ ಬಿದ್ದು, ಪ್ರಜ್ಞೆಯಿಲ್ಲದೆ ಆಸ್ಪತ್ರೆಯಲ್ಲಿ ಮಲಗಿದ್ದಾಗ ಪಕ್ಕದಲ್ಲಿ ಕೂತಿದ್ದವಳು ಅವಳು. ಬೇಡ ಎಂದರೆ ಗಂಡ ಕೇಳುವವರಲ್ಲವೆಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಒಂದು ಷರತ್ತು ಹಾಕಿದಳು.

“ತಲೆ ಮೇಲೆ ಕಬ್ಬಿಣ ಇರ್ಬೇಕು. ಗಾಡಿ ಮಗುಚಿದ್ರೂ ನೀವು ಒಳಗೇ ಉಳೀಬೇಕು. ಅದಿಲ್ದೆ ಇಗ್ನಿಷನ್ ಮುಟ್ಟೋ ಹಾಗಿಲ್ಲ.”

ಭಾವ ಒಪ್ಪಿ ಮಾತು ಕೊಟ್ಟರು. ಪತ್ರಿಕೆಯ ಚಿತ್ರಗಳಲ್ಲೊಂದರಲ್ಲಿ ಅಂಥದ್ದು ಇತ್ತಂತೆ: ಕೂರುವವನ ಸುತ್ತ ದಪ್ಪ ಪೈಪುಗಳ ಚೌಕಟ್ಟು. ನಾವು ಅದಕ್ಕೆ ಪಂಜರವೆಂದೇ ಹೆಸರಿಟ್ಟೆವು.

ಕೆಲಸಕ್ಕೆ ಜಾಗ ಕೊಟ್ಟವನು ಹೊಸಹಳ್ಳಿಯ ಹೊನ್ನಪ್ಪ. ಅವನ ಹೊಲಕ್ಕೂ ನಮ್ಮ ಕೊನೆಯ ಬೀದಿಗೂ ನಡುವೆ ಒಂದು ಬದು ಅಷ್ಟೇ. ಬಡಾವಣೆಗೆ ಅರ್ಧ ಜಮೀನು ಹೋಗಿ, ಎತ್ತು ಮಾರಿದ ಮೇಲೆ ಅವನ ಕೊಟ್ಟಿಗೆ ಖಾಲಿ ಬಿದ್ದಿತ್ತು. ಪಂಜರದ ಮಾತು ಕೇಳಿದಾಗ ಅವನು, “ಗಿಣಿ ಎಲ್ಲಿಂದ ತರ್ತೀರಿ ಸಾರ್?” ಎಂದು ಕೇಳಿ, ಭಾವನನ್ನು ಮೇಲಿಂದ ಕೆಳಗೆ ನೋಡಿ, “ಇದು ಗಿಣಿ ಅಲ್ಲ, ಕೊಕ್ಕರೆ” ಎಂದಿದ್ದ. ಬೆಸುಗೆ ಕೆಲಸಕ್ಕೆ ಭಾವನ ಕಾರ್ಖಾನೆಯಲ್ಲೇ ಇದ್ದ ಇಮಾಮ್ ಸಾಬರು ಭಾನುವಾರಗಳಲ್ಲಿ, ಆಮೇಲಾಮೇಲೆ ಸಂಜೆಗಳಲ್ಲೂ ಬರುತ್ತಿದ್ದರು.

ಪೈಪನ್ನು ಸುಮ್ಮನೆ ಬಾಗಿಸಿದರೆ ಬಾಗಿದ ಕಡೆ ಚಪ್ಪಟೆಯಾಗುತ್ತದೆ. ಅದಕ್ಕೆ ಒಳಗೆ ಮರಳು ತುಂಬಿ, ಎರಡೂ ಬಾಯಿಗೆ ಮರದ ಬೆಣೆ ಹೊಡೆದು, ಇದ್ದಿಲ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ಬಾಗಿಸಬೇಕು. ಮರಳಿನಲ್ಲಿ ತೇವವಿದ್ದರೆ ಹಬೆ ಎದ್ದು ಬೆಣೆ ಗುಂಡಿನ ಹಾಗೆ ಹಾರುತ್ತದೆ. ಮಳೆಗಾಲದ ಕೊನೆಯಾದ್ದರಿಂದ ಎಲ್ಲೂ ಒಣ ಮರಳು ಸಿಗಲಿಲ್ಲ. ಕೊನೆಗೆ ಅಕ್ಕ ಸೆರಗು ಸೊಂಟಕ್ಕೆ ಕಟ್ಟಿ, ನಮ್ಮ ಹಿತ್ತಿಲಲ್ಲಿ ಮೂರು ಕಲ್ಲು ಹೂಡಿ, ಬಾಣಲೆಯಲ್ಲಿ ಮರಳು ಹುರಿದಳು. ಪುರಿ ಭಟ್ಟಿಯವರು ಹುರಿಯುವ ಹಾಗೆ, ಕೈಗೆ ಸುಡುವವರೆಗೆ. ದಾರಿಯಲ್ಲಿ ಹೋಗುವವರು ಕಡಲೆಕಾಯಿ ಎಂದುಕೊಂಡು ಇಣುಕಿ ನೋಡುತ್ತಿದ್ದರು. ಬಿಸಿ ಮರಳಿನ ಬಕೆಟ್ಟು ಹೊತ್ತು ಬದುವಿನ ಮೇಲೆ ನಡೆದದ್ದು, ಬೆಂಕಿಯ ಮುಂದೆ ಎಲ್ಲರ ಮುಖ ಕೆಂಪಾಗಿ ಕಂಡದ್ದು, ಟೀ ಕುಡಿಯುತ್ತ ಭಾವ ಎಂಜಿನ್ನಿನ ಸದ್ದನ್ನು ಬಾಯಲ್ಲೇ ಮಾಡಿ ತೋರಿಸಿದ್ದು, ಇವನ್ನು ನೆನೆದರೆ ಈಗಲೂ ಸಂತೋಷವಾಗುತ್ತದೆ. ನಾವೆಲ್ಲ ಒಂದೇ ಕೆಲಸದಲ್ಲಿ ಮೈಮರೆತಿದ್ದ ಅಂಥ ದಿನಗಳು ಆಮೇಲೆ ಬರಲಿಲ್ಲ.

ಅಳತೆಯ ವಿಷಯವನ್ನು ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು. ಬಾಗುವ ಪೈಪಿಗೆ ಟೇಪಿನಿಂದ ಅಳತೆ ತೆಗೆಯುವುದು ಕಷ್ಟವೆಂದು ಇಮಾಮ್ ಸಾಬರು ದಾರ ಹಿಡಿಯುತ್ತಿದ್ದರು. ಭಾವನನ್ನು ಗಾಡಿಯ ಹಲಗೆಯ ಮೇಲೆ ನೆಟ್ಟಗೆ ಕೂರಿಸಿದರು. ಸ್ಪ್ರಿಂಗ್ ಗಿಂಗ್ ಏನೂ ಇಲ್ಲ, ಮಡಿಸಿದ ಗೋಣಿ ಹಾಸಿದ ಬರಿಯ ಹೊನ್ನೆ ಹಲಗೆ. ಗಾಡಿಯ ಅಡಿಚೌಕಟ್ಟಾದ ಚಾಸಿಯ ಎಡಬದಿಯಿಂದ ದಾರವನ್ನು ಮೇಲಕ್ಕೆ ತಂದು, ತಲೆಯ ಮೇಲೆ ತಮ್ಮ ನಾಲ್ಕು ಬೆರಳು ಅಡ್ಡ ಇಟ್ಟು ಅದರ ಮೇಲಿಂದ ಹಾಯಿಸಿ, ಚಾಸಿಯ ಬಲಬದಿಗೆ ಇಳಿಸಿ, ಎರಡು ತುದಿಗೂ ಗಂಟು ಹಾಕಿದರು. ತಲೆಗೂ ಪೈಪಿಗೂ ನಡುವೆ ನಾಲ್ಕು ಬೆರಳು ಬಿಡುವಿರಬೇಕು; ಅಷ್ಟಿದ್ದರೆ ಗಾಡಿ ಕುಲುಕಿದರೂ ತಲೆ ತಗುಲುವುದಿಲ್ಲ. ನಾವು ಯಾರೂ ಅಂಗುಲ ಅಳೆಯಲಿಲ್ಲ. ಆ ಬೆರಳುಗಳೇ ನಮ್ಮ ಲೆಕ್ಕ. ಪ್ರಯೋಗಶಾಲೆಯಲ್ಲಿ ಹುಡುಗರನ್ನು ಅಂಕಿ ಬರೆಯಲಿಲ್ಲವೆಂದು ಬೈಯುತ್ತಿದ್ದವನು ನಾನು. ಅಲ್ಲಿ ನನಗೂ ಹೊಳೆಯಲಿಲ್ಲ.

ಹೊನ್ನಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದವನು ಇದ್ದಕ್ಕಿದ್ದಂತೆ ಗಂಭೀರನಾದ.

“ಬದುಕಿರೋರ ಅಳತೇನ ದಾರದಲ್ಲಿ ತೆಗೀಬಾರ್ದು ಸಾರ್. ನಮ್ಮಲ್ಲಿ ಹೆಣ ಹೂಳೋ ಗುಣಿ ತೋಡೋಕೆ ಮಾತ್ರ ಹಂಗೆ ತೆಗೆಯೋದು.”

ಭಾವ ನಕ್ಕು, “ಹಂಗಾದ್ರೆ ಟೈಲರ್ ಎಲ್ಲಾ ಹೆಣ ಹೊರೋರೇನಯ್ಯ?” ಎಂದರು. ಇಮಾಮ್ ಸಾಬರೂ ನಕ್ಕರು. ನಾನೂ ನಕ್ಕೆ. ಟೀ ತಂದಿದ್ದ ಅಕ್ಕ ಮಾತ್ರ ನಗಲಿಲ್ಲ. ಲೋಟಗಳನ್ನು ಇಟ್ಟು, ದಾರವನ್ನು ಒಮ್ಮೆ ನೋಡಿ, ಬೇಗ ಹೊರಟುಹೋದಳು.

ದಾರದ ಉದ್ದಕ್ಕೇ ಪೈಪು ಕತ್ತರಿಸಿ ಬಾಗಿಸಿದರು. ಮೊದಲು ಕೂಡುವ ಕಡೆಗಳಲ್ಲಿ ಚುಕ್ಕಿಯಷ್ಟೇ ಬೆಸೆದು ಚೌಕಟ್ಟನ್ನು ನಿಲ್ಲಿಸಿದರು. ಎಲ್ಲವೂ ಸರಿಯಿದ್ದರೆ ಆಮೇಲೆ ಪೂರ್ತಿ ಬೆಸುಗೆ. ಭಾವ ಒಳಗೆ ಕೂತರು. ಇಮಾಮ್ ಸಾಬರು ತಲೆಗೂ ಪೈಪಿಗೂ ನಡುವೆ ಕೈ ತೂರಿಸಿ, “ಚಾರ್ ಉಂಗ್ಲಿ, ಬರಾಬರ್” ಎಂದರು. ನಾನೂ ನನ್ನ ನಾಲ್ಕು ಬೆರಳು ಇಟ್ಟು ನೋಡಿದೆ. ಸರಿಯಾಗಿ ಹಿಡಿಸಿತು. ಈ ನೆನಪಿನ ಬಗ್ಗೆ ನನಗೆ ಅನುಮಾನವಿಲ್ಲ. ಭಾವನ ತಲೆಯ ಎಣ್ಣೆ ನನ್ನ ಬೆರಳಿಗೆ ಅಂಟಿ, ಅದನ್ನು ಪ್ಯಾಂಟಿಗೆ ಒರೆಸಿಕೊಂಡಿದ್ದು ಗೊತ್ತಿದೆ.

ಮುಂದಿನ ವಾರವಿಡೀ ಇಮಾಮ್ ಸಾಬರು ಸಂಜೆ ಬಂದು ಪೂರ್ತಿ ಬೆಸುಗೆ ಹಾಕಿದರು. ಕೆಲಸ ಮುಗಿದ ದಿನ ಭಾವ ಹೊಸ ಅಂಗಿ ಹಾಕಿಕೊಂಡು ಬಂದು ಒಳಗೆ ಕೂತರು. ಪೈಪು ಅವರ ತಲೆಗೆ ಬಡಿಯಿತು.

ಮೊದಲು ಎಲ್ಲರೂ ನಕ್ಕೆವು. ಅವರು ಕೆಳಗೆ ಸರಿದು ಕೂತರು, ಗೋಣಿ ತೆಗೆಸಿ ಕೂತರು. ಕತ್ತು ಬಾಗಿಸದೆ ಅವರಿಂದ ಕೂರಲಾಗಲಿಲ್ಲ. ಇಮಾಮ್ ಸಾಬರು ಮೊಳೆಗೆ ನೇತುಹಾಕಿದ್ದ ದಾರ ತಂದು ಪೈಪಿನುದ್ದಕ್ಕೂ ಇಟ್ಟರು. ಗಂಟಿನಿಂದ ಗಂಟಿಗೆ ಸರಿಹೋಯಿತು. ಪೈಪಿನ ಎರಡು ಕಾಲುಗಳು ಅಗಲಕ್ಕೆ ಸರಿದಿದ್ದರೆ ಮೇಲಿನ ಬಾಗು ಇಳಿಯುತ್ತದೆ, ನಿಜ. ಆದರೆ ಅವು ಚಾಸಿಯ ಮೇಲೆ ಮೊದಲೇ ಬೋಲ್ಟು ಹಾಕಿ ಕೂರಿಸಿದ್ದ ಪಟ್ಟಿಗಳಿಗೇ ಬೆಸೆದಿದ್ದವು, ಬೋಲ್ಟು ಅಲುಗಿರಲಿಲ್ಲ. ಹಲಗೆ ಅದೇ ಹಲಗೆ. ಭಾವನನ್ನು ಮತ್ತೆ ಕೂರಿಸಿ ಅದೇ ದಾರವನ್ನು ತಲೆಯ ಮೇಲೆ ಹಾಯಿಸಿದರೆ ನಾಲ್ಕು ಬೆರಳು ಬಿಡುವು ಬರುತ್ತಿತ್ತು. ದಾರದಷ್ಟೇ ಉದ್ದದ ಪೈಪು ಮಾತ್ರ ತಲೆಗೆ ತಗುಲುತ್ತಿತ್ತು. ಇಮಾಮ್ ಸಾಬರು ದಾರವನ್ನು ಸುತ್ತಿ ಮತ್ತೆ ಮೊಳೆಗೆ ಹಾಕಿದರು. ಆಮೇಲೆ ನನ್ನ ಕಡೆ ತಿರುಗಿ, “ನೀವು ಕೂತ್ಕೊಳ್ಳಿ ಸಾರ್” ಎಂದರು.

ನಾನು ಕೂತೆ. ಅವರು ಕೈ ತೂರಿಸಿದರು. ಸರಿಯಾಗಿ ನಾಲ್ಕು ಬೆರಳು.

ಇಷ್ಟರಿಂದ ಏನೂ ಸಿದ್ಧವಾಗುವುದಿಲ್ಲ ಎಂದು ನನಗೂ ಗೊತ್ತು. ಭಾವನಿಗಿಂತ ಗಿಡ್ಡಗಿರುವವನಿಗೆ ಬಿಡುವು ಸಿಗಲೇಬೇಕು. ಅದು ಅಷ್ಟೇ ಯಾಕಾಗಬೇಕು ಎನ್ನುವುದು ಮಾತ್ರ ಪ್ರಶ್ನೆ. ಆ ಸಂಜೆ ನಾನು, ಕೆಂಪಗೆ ಕಾದ ಕಬ್ಬಿಣ ಆರುವಾಗ ಕುಗ್ಗುತ್ತದೆ ಎಂದು ಏನೇನೋ ವಿವರಿಸಿದೆ. ಎಲ್ಲರೂ ಮರ್ಯಾದೆಗೆ ತಲೆಯಾಡಿಸಿದರು.

ಪಂಜರ ಕಿತ್ತು ಮತ್ತೆ ಕಟ್ಟಲು ಸಮಯವಿರಲಿಲ್ಲ. ಪಂದ್ಯ ಹತ್ತಿರವಿತ್ತು. ಅದಕ್ಕೆ ಮೊದಲು ಎಂಜಿನ್, ಬ್ರೇಕು ಹೇಗಿವೆ ಎಂದು ಓಡಿಸಿ ನೋಡಲೇಬೇಕು. ಪಂಜರ ತೆಗೆದು ತಾವೇ ಓಡಿಸುವುದು ಭಾವನಿಂದಾಗದು, ಅಕ್ಕನಿಗೆ ಕೊಟ್ಟ ಮಾತಿತ್ತು. ಕತ್ತು ಬಾಗಿಸಿಕೊಂಡು ಓಡಿಸುವುದೂ ಆಗದು. ಹಾಗಾಗಿ ಪರೀಕ್ಷೆಗೆ ನಾನು ಓಡಿಸುವುದೆಂದು ತೀರ್ಮಾನವಾಯಿತು. ಭಾವನೇ ನನಗೆ ಗಾಡಿ ಕಲಿಸಿದ್ದರು. ಸ್ವಲ್ಪ ಅಳುಕಿತ್ತು, ಆದರೆ ಅದಕ್ಕಿಂತ ಹೆಚ್ಚಾಗಿ ಖುಷಿ ಇತ್ತು.

ಭಾನುವಾರ ಬೆಳಗ್ಗೆ ಇಮಾಮ್ ಸಾಬರು, ಹೊನ್ನಪ್ಪ ಎಲ್ಲರೂ ಸೇರಿ ಗಾಡಿಯನ್ನು ನಮ್ಮ ಕೊನೆಯ ರಸ್ತೆಗೆ ತಳ್ಳಿ ತಂದೆವು. ಮನೆಗಳು ಮುಗಿದ ಮೇಲೂ ಆ ರಸ್ತೆ ನೆಟ್ಟಗೆ ಹೊಲಗಳ ನಡುವೆ ಹೋಗಿ ಒಂದು ಕಡೆ ಸುಮ್ಮನೆ ನಿಂತುಬಿಡುತ್ತಿತ್ತು. ಅಕ್ಕ ಹೊಂಗೆ ಮರದ ಕೆಳಗೆ ಬಂದು ನಿಂತಳು. ಒಳಗೆ ಕೂತವನು ನಾನೆಂದು ಅವಳಿಗೆ ತಿಳಿದದ್ದು ಆಗಲೇ. ಭಾವನಿಗೆ ತಲೆ ತಗುಲುವ ವಿಷಯವನ್ನು ಮನೆಯಲ್ಲಿ ಯಾರೂ ಹೇಳಿರಲಿಲ್ಲ.

“ನೀನ್ಯಾಕೆ ಕೂತೆ?” ಎಂದಳು.

ಭಾವ ವಿವರಿಸಿದರು. ಅವಳು ಗಂಡನ ಮುಖ ನೋಡಿದಳು, ಪೈಪನ್ನು ನೋಡಿದಳು, ನನ್ನನ್ನು ನೋಡಿದಳು. ಅವಳ ಮುಖದ ಬಣ್ಣ ಹೋಗಿತ್ತು. ಏನೋ ಹೇಳುತ್ತಾಳೆಂದು ನಾನು ಕಾದೆ. ಹತ್ತಿರ ಬಂದು ನನ್ನನ್ನು ಹಲಗೆಗೆ ಸೇರಿಸಿ ಸೊಂಟಕ್ಕೆ ಕಟ್ಟಿದ್ದ ಮಿಲಿಟರಿ ಪಟ್ಟಿಯನ್ನು ಉಸಿರು ಕಟ್ಟುವಷ್ಟು ಬಿಗಿದು, “ಮೆಲ್ಲಗೆ ಹೋಗೋ” ಎಂದಳು, ಅಷ್ಟೇ.

ಒಂದು ಸಲ ಹೋಗಿ ಬಂದೆ. ಎಂಜಿನ್ನಿನ ಸದ್ದಿಗೆ ಕುರಿಗಳು ಚದುರಿದವು, ಮೂಡಲಪಾಳ್ಯದ ಕಡೆಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದವರು ಇಳಿದು ನಿಂತರು. ಎರಡನೆಯ ಸಲ ಸ್ವಲ್ಪ ಜೋರಾಗಿ ಬಿಟ್ಟೆ. ಅರ್ಧ ದಾರಿಯಲ್ಲಿ ಸ್ಟಿಯರಿಂಗ್ ಚಕ್ರ ಕೈಯಲ್ಲಿ ಒಮ್ಮೆಲೇ ಹಗುರವಾಯಿತು. ನಾನು ತಿರುಗಿಸಿದರೆ ಗಾಡಿಗೆ ಅದು ಮುಟ್ಟುತ್ತಿರಲಿಲ್ಲ. ಸ್ಟಿಯರಿಂಗಿಗೆ ನಾವೇ ಕಡೆದು ಹಾಕಿದ್ದ ಪಿನ್ನು ಮುರಿದಿತ್ತೆಂದು ಆಮೇಲೆ ತಿಳಿಯಿತು. ಗಾಡಿ ಎಡಕ್ಕೆ ಎಳೆದು, ಮೋರಿಗೆಂದು ತೋಡಿದ್ದ ಕಾಲುವೆ ಹಾರಿ, ಹೊನ್ನಪ್ಪನ ರಾಗಿಯೊಳಗೆ ತಲೆಕೆಳಗಾಗಿ ಬಿತ್ತು.

ಕಣ್ಣು ಬಿಟ್ಟಾಗ ನಾನು ಪಟ್ಟಿಯಲ್ಲಿ ನೇತಾಡುತ್ತಿದ್ದೆ. ಮೂಗಿನ ಹತ್ತಿರ ಒಂದು ರಾಗಿ ತೆನೆ, ಅದರ ಮೇಲೆ ಒಂದು ಇರುವೆ. ಪೆಟ್ರೋಲಿನ ವಾಸನೆ. ದೂರದಲ್ಲಿ ಅಕ್ಕ ನನ್ನನ್ನು ಕರೆಯುತ್ತಿದ್ದಳು. ಭಾವ, ಹೊನ್ನಪ್ಪ ಓಡಿ ಬಂದು ಪಟ್ಟಿ ಕುಯ್ದು ಎಳೆದರು. ಮೊಣಕೈ ತರಚಿತ್ತು, ಬೇರೇನೂ ಆಗಿರಲಿಲ್ಲ. ಅಕ್ಕ ನನ್ನ ತಲೆ, ಕತ್ತು, ಬೆನ್ನು ಎಲ್ಲವನ್ನೂ ತಡವಿ ನೋಡಿ, ಆಮೇಲೆ ಬೆನ್ನಿಗೆ ಒಂದು ಏಟು ಕೊಟ್ಟು ಅಲ್ಲೇ ಬದುವಿನ ಮೇಲೆ ಕುಸಿದು ಕೂತಳು.

ಸೈಕಲ್ಲಿನವರೂ ಸೇರಿ ಗಾಡಿಯನ್ನು ಎತ್ತಿ ನಿಲ್ಲಿಸಿದರು. ಪಂಜರದ ಮೇಲಿನ ಪೈಪಿಗೆ ಕೆಮ್ಮಣ್ಣು ಮೆತ್ತಿತ್ತು, ತೆನೆಗಳು ಸಿಕ್ಕಿಕೊಂಡಿದ್ದವು. ನಡುವೆ ಪೈಪು ಕೆಳಕ್ಕೆ ಜಗ್ಗಿದ್ದು ಬರಿಗಣ್ಣಿಗೇ ಕಾಣುತ್ತಿತ್ತು. ಭಾವ ಅದನ್ನು ನೋಡುತ್ತ, “ನಾನಾಗಿದ್ರೆ ಮೊದಲನೇ ಸಲಾನೇ ಆಕ್ಸಿಲರೇಟರ್ ಪೂರ್ತಿ ಅದುಮಿರ್ತಿದ್ದೆ” ಎಂದು ಮೆಲ್ಲಗೆ ಹೇಳಿದರು. ಅಷ್ಟು ವೇಗದಲ್ಲಿ ಬಿದ್ದಿದ್ದರೆ ಆ ಪೈಪು ಉಳಿಯುತ್ತಿರಲಿಲ್ಲವೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಆಮೇಲೆ ಯಾರೂ ಹೇಳದೆಯೇ ಅವರು ಗಾಡಿ ಹತ್ತಿದರು. ತಮ್ಮ ತಲೆ ಎಲ್ಲಿರುತ್ತಿತ್ತು ಎಂದು ನೋಡಬೇಕೆನಿಸಿತೋ ಏನೋ.

ಹತ್ತಿ, ಹಲಗೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತರು. ತಲೆ ತಗುಲಲಿಲ್ಲ.

ಅವರೇ ಮೊದಲು ಮೇಲಕ್ಕೆ ನೋಡಿದರು. ಇಮಾಮ್ ಸಾಬರು ಹತ್ತಿರ ಹೋಗಿ, ಜಗ್ಗಿದ ಪೈಪಿಗೂ ಭಾವನ ತಲೆಗೂ ನಡುವೆ ಕೈ ತೂರಿಸಿದರು. ನಾಲ್ಕು ಬೆರಳೂ ಒಳಗೆ ಹೋದವು. ಅವರು ಕೈ ಈಚೆ ತೆಗೆದು ತಮ್ಮ ಬೆರಳುಗಳನ್ನೇ ನೋಡಿಕೊಂಡರು. ಬದುವಿನ ಮೇಲಿದ್ದ ಅಕ್ಕ ಎದ್ದು ಬಂದು ಭಾವನ ತೋಳು ಹಿಡಿದಳು.

“ಸಾಕು. ಇಳೀರಿ ಅದ್ರಿಂದ.”

ಅವಳ ದನಿ ಕೇಳಿ ಭಾವ ಎದುರು ಮಾತಾಡದೆ ಇಳಿದರು. ಆ ಗಾಡಿ ಮತ್ತೆ ಓಡಲಿಲ್ಲ. ಎಂಜಿನ್ನನ್ನು ಯಾರೋ ಕೊಂಡರು. ಚೌಕಟ್ಟನ್ನು ಹೊನ್ನಪ್ಪ ಬಾವಿಯ ಪಕ್ಕ ನೆಟ್ಟು ಹೀರೆ ಬಳ್ಳಿ ಹಬ್ಬಿಸಿದ. ಭಾವ ಪಂದ್ಯ ನೋಡಲು ಒಂದೆರಡು ಸಲ ಹೋಗಿ ಬಂದರು, ಆಮೇಲೆ ಅದನ್ನೂ ಬಿಟ್ಟರು. ಅವರು ವಯಸ್ಸಾಗಿ, ತಮ್ಮ ಹಾಸಿಗೆಯಲ್ಲೇ ತೀರಿಕೊಂಡರು.

ನಾನು ಈ ಗಂಟನ್ನು ಬಿಡಿಸಲು ನೋಡದೆ ಇಲ್ಲ. ಬಿದ್ದ ಪೆಟ್ಟಿಗೆ ಚಾಸಿ ತಿರುಚಿ ಪಂಜರ ಹಿಂದಕ್ಕೆ ವಾಲಿರಬಹುದು. ವಾಲಿದ್ದರೆ ತಲೆಗೆ ಜಾಗ ಬಂದಿರಬಹುದು. ಯಾವ ವಿದ್ಯಾರ್ಥಿಯಾದರೂ ಹೀಗೆ ಬರೆದಿದ್ದರೆ ನಾನು ಅಂಕ ಕೊಡುತ್ತಿದ್ದೆ. ಆದರೆ ಮೊದಲು ಇದ್ದ ಜಾಗ ನಡುವೆ ಹೋದದ್ದು ಹೇಗೆಂಬುದಕ್ಕೆ ಇದರಲ್ಲಿ ಉತ್ತರವಿಲ್ಲ. ಯಾರೋ ದಾರವನ್ನು ಬದಲಿಸಿದ್ದರೆ? ಬಹಳ ವರ್ಷ ನನ್ನ ಅನುಮಾನ ಅಕ್ಕನ ಮೇಲಿತ್ತು. ಗಂಡನನ್ನು ತಡೆಯಲು ಅವಳು ಗಂಟನ್ನು ಸರಿಸಿರಬಹುದು ಎಂದುಕೊಳ್ಳುತ್ತಿದ್ದೆ. ಹಾಗೆ ಮಾಡಿದ್ದರೆ ಪೈಪು ಮೊದಲ ದಿನವೇ ಗಿಡ್ಡವಾಗಿರಬೇಕಿತ್ತು ಎಂದು ನನಗೆ ಗೊತ್ತಿದ್ದರೂ ಆ ಅನುಮಾನವನ್ನು ಬಿಡಲಿಲ್ಲ. ಬೇರೆ ಯಾವುದೂ ಸಿಗದಿದ್ದಾಗ ಮನುಷ್ಯ ಹೀಗೆ ಒಂದನ್ನು ಹಿಡಿದುಕೊಳ್ಳುತ್ತಾನೆ.

ಭಾವ ಹೋದ ಮೇಲಿನ ಒಂದು ಚಳಿಗಾಲ, ವಿಜಯನಗರದ ಅವಳ ಮನೆಯಲ್ಲಿ ಇಬ್ಬರೂ ಅವರೆಕಾಯಿ ಸುಲಿಯುತ್ತ ಕೂತಿದ್ದಾಗ ಕೇಳಿಯೇಬಿಟ್ಟೆ.

“ದಾರಾನಾ? ನಾನ್ಯಾಕೋ ಮುಟ್ಲಿ?” ಎಂದು ಅವಳು ಸುಲಿಯುವುದನ್ನು ಮುಂದುವರಿಸಿದಳು. ಸ್ವಲ್ಪ ಹೊತ್ತಾದ ಮೇಲೆ ತಾನಾಗಿಯೇ ಹೇಳಿದಳು. “ಹೊನ್ನಪ್ಪ ಆ ಮಾತು ಆಡಿದ ದಿನ ದೇವ್ರ ಮುಂದೆ ನಿಂತು ಕೇಳ್ಕೊಂಡೆ. ಇವ್ರು ಅದ್ರಲ್ಲಿ ಕೂರೋದಕ್ಕೆ ಆಗದೇ ಇರೋ ಹಾಗೆ ಮಾಡಪ್ಪಾ ಅಂತ. ಅಷ್ಟೇ ಕೇಳಿದ್ದು. ಇನ್ನೊಬ್ರು ಯಾರಾದ್ರೂ ಕೂತಾರು ಅನ್ನೋದು ನನ್ನ ತಲೇಲೇ ಇರ್ಲಿಲ್ಲ ಕಣೋ.”

ನಾನು ಇನ್ನೊಂದು ಕಾಯಿ ತೆಗೆದುಕೊಂಡು ಸುಲಿದೆ.

“ನೀನು ರಾಗಿ ಒಳಗೆ ಬಿದ್ದಾಗ, ನಾನು ಕೇಳಿದ್ದನ್ನ ವಾಪಸ್ ತಗೊಂಡ್ಬಿಡು, ಇವನನ್ನ ಬಿಟ್ಬಿಡು ಅಂದೆ. ಆಮೇಲೆ ಇವ್ರು ಹೋಗಿ ಕೂತ್ರಲ್ಲ, ತಲೆ ತಗುಲ್ದೇನೆ. ಆಗ ನಂಗೆ ಆದ ಭಯ…” ಎಂದು ನಿಲ್ಲಿಸಿ, ಸಿಪ್ಪೆಗಳನ್ನು ಮೊರಕ್ಕೆ ಬಳಿದುಕೊಂಡು ಒಳಗೆ ಹೋದಳು. ಆ ಮಾತನ್ನು ಅವಳು ಮತ್ತೆಂದೂ ಎತ್ತಲಿಲ್ಲ. ನಾನೂ ಕೇಳಲಿಲ್ಲ.

ದೇವರಿಗೆ ಬೇಡಿಕೊಂಡದ್ದಕ್ಕೆ ಕಬ್ಬಿಣ ಕುಗ್ಗಿತು, ಹಿಗ್ಗಿತು ಎಂದು ನಾನು ಇವತ್ತಿಗೂ ಒಪ್ಪಲಾರೆ. ಅಷ್ಟು ಉದ್ದದ ಪೈಪು ಆರಿದಾಗ ಎಷ್ಟು ಕುಗ್ಗುತ್ತದೆಂದು ಲೆಕ್ಕ ಹಾಕಿದ್ದೇನೆ. ಒಂದು ಬೆರಳಿನ ದಪ್ಪಕ್ಕೂ ಅದು ಸಾಲುವುದಿಲ್ಲ. ಉಳಿದ ಜಾಗ ಎಲ್ಲಿಗೆ ಹೋಗಿತ್ತು, ಅಕ್ಕ ಬದುವಿನ ಮೇಲೆ ಕೂತಿದ್ದ ಆ ಸ್ವಲ್ಪ ಹೊತ್ತಿನಲ್ಲಿ ಎಲ್ಲಿಂದ ಹಿಂದಕ್ಕೆ ಬಂತು, ನನಗೆ ತಿಳಿಯದು.